ಕಿಡ್ನಿ ಕಸಿ ಆದ ಮಗನನ್ನು ಶಾಲೆಗೆ ಕಳಿಸಬಹುದಾ?

ಪ್ರಶ್ನೆ (ತಾಯಿ, ಕಲಬುರಗಿ): ನಮಸ್ತೆ ಡಾಕ್ಟ್ರೇ. ಮಗನಿಗೆ 9 ವರ್ಷ. ಬೆಂಗಳೂರಿನಲ್ಲಿ ಕಿಡ್ನಿ ಕಸಿ ಆಗಿ 7 ತಿಂಗಳಾಯ್ತು, ನಾನೇ ಕೊಟ್ಟಿದ್ದು. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ರಕ್ತಪರೀಕ್ಷೆ, ಕ್ರಿಯಾಟಿನಿನ್, ಸರಿ ಇದೆ. ಶಾಲೆಗೆ ಹೋಗ್ತೀನಿ ಅಂತ ಅವನ ಹಟ. ನಮ್ಮತ್ತೆ ಬೇಡವೇ ಬೇಡ ಅಂತಾರೆ. ಅವನಿಗೆ ಕಬಡ್ಡಿ ಹುಚ್ಚು ಬೇರೆ. ಏನು ಮಾಡಲಿ?

ಉತ್ತರ (ಮಕ್ಕಳ ಕಿಡ್ನಿ ಡಾಕ್ಟರ್): ಕಸಿ ಮಾಡಿದ ಡಾಕ್ಟರ್ ಹೂಂ ಅಂದಿದ್ದರೆ ಧೈರ್ಯವಾಗಿ ಕಳಿಸಿ ತಾಯಿ. ಮನೆಯಲ್ಲಿ ಕೂಡಿಹಾಕೋಕೆ ಅಲ್ವಲ್ಲ ನೀವು ಕಿಡ್ನಿ ಕೊಟ್ಟಿದ್ದು! ಅತ್ತೆಯವರಿಗೂ ಇದನ್ನು ಓದಿ ಹೇಳಿ.

ಕಬಡ್ಡಿ, ಕುಸ್ತಿ ಮಾತ್ರ ಬೇಡ. ಹೊಸ ಕಿಡ್ನಿ ಇರೋದು ಬೆನ್ನಿನ ಕಡೆ ಅಲ್ಲ, ಕೆಳಹೊಟ್ಟೆಯಲ್ಲಿ, ಮುಂದೆ. ಪಕ್ಕೆಲುಬಿನ ರಕ್ಷಣೆ ಅದಕ್ಕಿಲ್ಲ. ಓಡಲಿ, ಸೈಕಲ್ ಹೊಡೆಯಲಿ.

ನನಗೆ ಜಾಸ್ತಿ ಚಿಂತೆ ನೀರಿನದು. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ನೀರು ಕಮ್ಮಿಯಾದರೆ ಕ್ರಿಯಾಟಿನಿನ್ ಏರುತ್ತದೆ. ದಿನಕ್ಕೆ ಎಷ್ಟು ಲೀಟರ್ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಕಾಯಿಸಿ ಆರಿಸಿದ ನೀರಿನ ಬಾಟಲಿ ಕೊಟ್ಟು ಕಳಿಸಿ. ಆದರೆ ಬಾಟಲಿ ಕೊಟ್ಟರೆ ಸಾಲದು. ಶಾಲೆಯ ಟಾಯ್ಲೆಟ್ ಗಲೀಜು ಅಂತ ಮಕ್ಕಳು ನೀರೇ ಕುಡಿಯಲ್ಲ, ಮೂತ್ರ ಕಟ್ಟಿಕೊಂಡು ಕೂರ್ತಾರೆ. ಸಂಜೆ ಬಾಟಲಿ ತುಂಬಿಯೇ ವಾಪಸ್ ಬರ್ತದೆ. ಹೀಗೆ ಕಟ್ಟಿಕೊಂಡರೆ ಮೂತ್ರದ ಸೋಂಕು ಆಗಬಹುದು. ಕ್ಲಾಸ್ ನಡುವೆ ಎದ್ದು ಹೋಗಲು ಬಿಡಿ ಅಂತ ಟೀಚರ್‌ಗೆ ಮೊದಲೇ ಹೇಳಿಡಿ. ಯಾರಿಗಾದರೂ ಸೀತಾಳೆ ಸಿಡುಬು, ಗೋಬರ (ದಡಾರ) ಬಂದಿದ್ದರೆ ಅವತ್ತೇ ನಿಮಗೆ ತಿಳಿಸಲಿ.

ಪ್ರಶ್ನೆ (ಇನ್ನೊಬ್ಬರು, ಬೀದರ್): ಸರ್, ನಮ್ಮ ಹುಡುಗಿಗೆ ಲಿವರ್ ಕಸಿ ಆಗಿದೆ. ನೆಗಡಿ, ಜ್ವರ ಬಂದರೆ ಇಲ್ಲೇ ಮೆಡಿಕಲ್‌ನಿಂದ ಸಿರಪ್ ತರಬಹುದಾ? ಪೋಲಿಯೊ ಹನಿ ಹಾಕಿಸಬಹುದಾ?

ಉತ್ತರ: ಬೇಡ್ರೀ. ಜ್ವರ 100.4 ಡಿಗ್ರಿ ಮುಟ್ಟಿದರೆ ಅವತ್ತೇ ಕಸಿ ಆಸ್ಪತ್ರೆಗೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ. ಜ್ವರ, ನೋವಿಗೆ ಕೊಡುವ ಐಬುಪ್ರೊಫೆನ್ ಕಿಡ್ನಿಗೆ ಹೊಡೆತ. ಕ್ಲಾರಿಥ್ರೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್, ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಟಿಬಿಯ ರಿಫಾಂಪಿಸಿನ್ ಇಳಿಸಿಬಿಡುತ್ತದೆ, ಆಗ ದೇಹ ಹೊಸ ಅಂಗವನ್ನೇ ತಿರಸ್ಕರಿಸಬಹುದು. ಚಕ್ಕೋತ ಹಣ್ಣೂ ಬೇಡ. ನಾಟಿ ಔಷಧಿಯನ್ನೂ ಕೇಳದೆ ಕೊಡಬೇಡಿ.

ಬಾಯಿಗೆ ಹಾಕುವ ಪೋಲಿಯೊ ಹನಿ ಜೀವಂತ ಲಸಿಕೆ. ಮಗುವಿಗೆ ಬೇಡ. ಮನೆಯಲ್ಲಿ ತಮ್ಮ ತಂಗಿ ಇದ್ದರೆ ಅವರಿಗೂ ಇಂಜೆಕ್ಷನ್ ರೂಪದ್ದೇ ಹಾಕಿಸಬೇಕು, ಏಕೆಂದರೆ ಹನಿ ಹಾಕಿದ ಮಗುವಿನ ಮಲದಲ್ಲಿ ಆ ವೈರಸ್ ಕೆಲವು ವಾರ ಹೊರಬರುತ್ತದೆ. ಪಲ್ಸ್ ಪೋಲಿಯೊದವರು ಬಾಗಿಲಿಗೆ ಬಂದಾಗ ಆಶಾ ಅಕ್ಕನಿಗೆ ಇದನ್ನು ಹೇಳಿ.

ತಾಯಿ, ಕಲಬುರಗಿ: ಅತ್ತೆ ಒಪ್ಪಿದರು ಡಾಕ್ಟ್ರೇ! ಇನ್ನೊಂದು. ಟ್ಯಾಕ್ರೊಲಿಮಸ್ ಲೆವೆಲ್ ಪರೀಕ್ಷೆ ದಿನ ಬೆಳಗಿನ ಗುಳಿಗೆ ನುಂಗಿಸಿಯೇ ಲ್ಯಾಬಿಗೆ ಕರ್ಕೊಂಡು ಹೋಗಬೇಕಾ?

ಉತ್ತರ: ಇಲ್ಲ. ಮೊದಲು ರಕ್ತ, ಆಮೇಲೆ ಗುಳಿಗೆ. ಹಿಂದಿನ ರಾತ್ರಿ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು. ಗುಳಿಗೆ ಪರ್ಸಿನಲ್ಲೇ ಇಟ್ಟುಕೊಂಡು ಹೋಗಿ, ಅಲ್ಲೇ ನುಂಗಿಸಿ.