ಭಾನುವಾರದ ಪ್ರಶ್ನೋತ್ತರ: ಬಳಚು, ಬೂತಾಯಿ, ಬಲೆ, ಕಾನೂನು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ 5ರಿಂದ 8ರವರೆಗೆ ಮೀನು ವಿಜ್ಞಾನಿ ಮೇಡಂ ಉತ್ತರ ಕೊಡುತ್ತಾರೆ. ಕಾರವಾರದಿಂದ ಉಳ್ಳಾಲದವರೆಗೆ ಎಲ್ಲ ಬಂದರಿನ ಕೆಸರು ತುಳಿದು ನಿವೃತ್ತರಾದವರು. ಒಬ್ಬರಿಗೆ ಒಂದು ಪ್ರಶ್ನೆ. ರಾಜಕೀಯ ಬೇಡ. ಫಾರ್ವರ್ಡ್ ಬೇಡವೇ ಬೇಡ.

ಉಡುಪಿ ರೈಡರ್: ಮೇಡಂ, ಲೈಟ್ ಫಿಶಿಂಗ್ ಯಾಕೆ ನಿಷೇಧ? ಬೆಳಕು ಬಿಟ್ಟರೆ ಸಮುದ್ರಕ್ಕೇನು ನಷ್ಟ?

ಮೇಡಂ: ಬೆಳಕಿಗೆ ಮೀನು ಓಡಿ ಬರುತ್ತದೆ. ದೊಡ್ಡದೂ ಬರುತ್ತದೆ, ಮರಿಯೂ ಬರುತ್ತದೆ, ಮರಿಯನ್ನು ತಿನ್ನಲು ಬಂದದ್ದೂ ಸಿಕ್ಕಿಬೀಳುತ್ತದೆ. ಸುತ್ತಲಿನ ನೀರನ್ನೆಲ್ಲ ಗುಡಿಸಿ ಒಂದೇ ಬಲೆಗೆ ತುಂಬಿದ ಹಾಗೆ. ಬೆಳಗ್ಗೆ ಹೋಗುವ ನಾಡದೋಣಿಗೆ ಬರೀ ಉಪ್ಪುನೀರು ಉಳಿಯುತ್ತದೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿತು.

ದುಬೈ ಬಂಗುಡೆ: ಊರಿಗೆ ಬಂದಾಗ ಬೂತಾಯಿ ಮೀನು ಒಂದು ವರ್ಷ ರಾಶಿ ಸಿಗುತ್ತದೆ, ಇನ್ನೊಂದು ವರ್ಷ ಕಣ್ಣಿಗೇ ಕಾಣುವುದಿಲ್ಲ. ಎಲ್ಲ ಟ್ರಾಲ್‌ನವರು ಬಳಿದು ಮುಗಿಸಿದ್ದಾ?

ಮೇಡಂ: ಅಷ್ಟು ಸುಲಭದ ಉತ್ತರ ಇಲ್ಲ. ಟ್ರಾಲ್ ಬೋಟುಗಳು ಬರುವ ಮೊದಲೂ ಬೂತಾಯಿ ಹೀಗೆಯೇ ಕೈಕೊಡುತ್ತಿತ್ತು. 1940ರ ದಶಕದಲ್ಲಿ ಅದು ತೀರಾ ಕಮ್ಮಿಯಾದಾಗ ಮದ್ರಾಸ್ ಸರ್ಕಾರ ಮರಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ಆಗ ದಕ್ಷಿಣ ಕನ್ನಡ ಅವರ ಕೈಯಲ್ಲೇ ಇತ್ತಲ್ಲ. ಮಳೆ, ನೀರಿನ ಬಿಸಿ, ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೊ, ಎಲ್ಲವೂ ಬೂತಾಯಿಯನ್ನು ಕುಣಿಸುತ್ತವೆ. ಆದರೆ ಮೀನು ಕಮ್ಮಿಯಾದ ವರ್ಷದಲ್ಲೂ ಮರಿ ಹಿಡಿದು ಫಿಶ್‌ಮೀಲ್ (ಮೀನಿನ ಪುಡಿ) ಕಾರ್ಖಾನೆಗೆ ಕೊಟ್ಟರೆ ಮತ್ತೆ ತಲೆಯೆತ್ತುವುದು ಕಷ್ಟ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯುವ ಹಾಗಿಲ್ಲ.

ತದಡಿ ಹುಡುಗಿ: ಮೇಡಂ ನಮಸ್ತೆ. ನಮ್ಮದು ಅಘನಾಶಿನಿ ಅಳಿವೆ. ಅಮ್ಮ ಇಳಿತದಲ್ಲಿ ಬಳಚು ಹೆಕ್ಕಲು ಹೋಗುತ್ತಾಳೆ, 25 ವರ್ಷದಿಂದ. ಮೊದಲು ಎರಡು ಗಂಟೆಗೆ ಬುಟ್ಟಿ ತುಂಬುತ್ತಿತ್ತಂತೆ. ಈಗ ನೀರು ಏರುವವರೆಗೆ ನಿಂತರೂ ಅರ್ಧ. ಅದೂ ಉಗುರಿನಷ್ಟು. ಮೊದಲು ಸಣ್ಣದನ್ನು ಯಾರೂ ಮುಟ್ಟುತ್ತಿರಲಿಲ್ಲ, ಈಗ ವ್ಯಾಪಾರಿ ಅದನ್ನೂ ತೂಕಕ್ಕೆ ತೆಗೆದುಕೊಳ್ಳುತ್ತಾನೆ. ಮೂರು ತಿಂಗಳು ಬಿಡಿ ಅಂತ ಕೆಲವರು ಹೇಳುತ್ತಾರೆ. ಬಿಟ್ಟರೆ ಊಟಕ್ಕೇನು? ಬಿಟ್ಟರೂ ಬಳಚು ವಾಪಸ್ ಬರುತ್ತದಾ?

ಕುಡ್ಲ ಮರುವಾಯಿ: ಬಳಚು ಅಂದರೆ ಚಿಪ್ಪುಮೀನು, ನಮ್ಮ ಮರುವಾಯಿ ಅಲ್ವಾ? ಸುಕ್ಕ ಮಾಡಿದರೆ ಆಹಾ.

ಮೇಡಂ: ತದಡಿಯವರೇ, ಉತ್ತರ ಕೊಡುವ ಮೊದಲು ಒಂದು ಕೇಳಬೇಕು. ಅಮ್ಮನ ಹತ್ತಿರ ಕೇಳಿ ಹೇಳಿ. ಕೆಸರಿನಲ್ಲಿ ಸತ್ತ ಬಳಚು ಸಿಗುತ್ತದಾ? ಎರಡೂ ಚಿಪ್ಪು ಕೂಡಿಕೊಂಡೇ ಇದ್ದು ಒಳಗೆ ಮಾಂಸದ ಬದಲು ಕೆಸರು ತುಂಬಿರುತ್ತದಲ್ಲ, ಅಂಥದ್ದು. ಮತ್ತೆ, ಕಡಲೆಬೇಳೆಯಷ್ಟು ಸಣ್ಣ ಮರಿ ಕಾಲಿಗೆ ಸಿಗುತ್ತದಾ ಇಲ್ಲವಾ? ನಾನು ಕಾಯುತ್ತೇನೆ.

ಆರೋಗ್ಯವೇ ಭಾಗ್ಯ: *ಎಲ್ಲರಿಗೂ ಕಳಿಸಿ* ಚಿಪ್ಪುಮೀನು ಬೇಯಿಸುವಾಗ ಒಂದು ಎಸಳು ಬೆಳ್ಳುಳ್ಳಿ ಹಾಕಿ. ಕಪ್ಪಾದರೆ ವಿಷ, ಬಿಳಿ ಇದ್ದರೆ ನಿಶ್ಚಿಂತೆಯಿಂದ ತಿನ್ನಿ. ಹುಣಸೆಹುಳಿ ಹಾಕಿ 20 ನಿಮಿಷ ಕುದಿಸಿದರೆ ಯಾವ ವಿಷವೂ ಉಳಿಯದು. 🙏

ಮೇಡಂ: ಇದನ್ನು ದಯವಿಟ್ಟು ಅಳಿಸಿ. ಚಿಪ್ಪಿನ ವಿಷ ಬರುವುದು ನೀರಿನ ಕೆಲವು ಸೂಕ್ಷ್ಮ ಪಾಚಿಗಳಿಂದ. ಅದು ಬೆಳ್ಳುಳ್ಳಿಗೂ ಗೊತ್ತಾಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ, ಹುಣಸೆಹುಳಿಗಂತೂ ಹೆದರುವುದೇ ಇಲ್ಲ. 1983ರಲ್ಲಿ ನಮ್ಮದೇ ಕರಾವಳಿಯಲ್ಲಿ, ಮಂಗಳೂರಿನ ಆಚೆ ಕುಂಬಳೆ ಬದಿಯಲ್ಲಿ, ಹೀಗೆ ಚಿಪ್ಪು ತಿಂದು ಒಬ್ಬ ಹುಡುಗ ಸತ್ತ. ನೀರಿನ ಬಣ್ಣ ಕೆಂಪು, ಕಂದು ಅಂತ ಬದಲಾದರೆ ಚಿಪ್ಪು ಬಿಡಿ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ, ಬೆರಳು ಮರಗಟ್ಟಿದರೆ ಕೂಡಲೇ ಆಸ್ಪತ್ರೆ. ಮಜ್ಜಿಗೆ ಕುಡಿದು ಮಲಗುವುದಲ್ಲ.

ಆರೋಗ್ಯವೇ ಭಾಗ್ಯ: ಮೇಡಂ ನಮ್ಮ ಅಜ್ಜಿ 92 ವರ್ಷ ಬದುಕಿದ್ದರು, ಬೆಳ್ಳುಳ್ಳಿ ಹಾಕಿಯೇ.

ಮೇಡಂ: ಅಜ್ಜಿಗೆ ನಮಸ್ಕಾರ. ಪೋಸ್ಟ್ ಅಳಿಸಿ.

ಕೋಡಿ ಬೀಚ್: ನಮ್ಮ ಮನೆ ಹಿಂದೆ ಮರಳಲ್ಲಿ ಆಮೆ ಮೊಟ್ಟೆ ಇಟ್ಟಿದೆ. ನಾಯಿ ಕಾಟ. ತೆಗೆದು ಬಕೆಟ್‌ನಲ್ಲಿ ಇಡಬಹುದಾ?

ಮೇಡಂ: ಮುಟ್ಟಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವವರೆಗೆ ಮೇಲೆ ಬಲೆಯ ತುಂಡು ಹಾಕಿ ಕಲ್ಲಿಡಿ. ರಾತ್ರಿ ಆ ಕಡೆಯ ಲೈಟ್ ಆರಿಸಿ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಇನ್ನೊಂದು ಮಾತು, ಬೋಟಿನವರಿಗೆ. ಆಮೆ ಅಂದರೆ ಬರೀ ಪುಣ್ಯದ ಲೆಕ್ಕ ಅಲ್ಲ. ಟ್ರಾಲ್ ಬಲೆಯಿಂದ ಆಮೆ ಹೊರಹೋಗುವ ಸಾಧನ ಇಲ್ಲ ಅಂತ ಅಮೆರಿಕ 2019ರಿಂದ ನಮ್ಮ ಕಡಲಿನ ಸಿಗಡಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಕಿಸೆಗೇ ಕತ್ತರಿ ಬಿದ್ದದ್ದು.

ಮಲ್ಪೆ ಪರ್ಸಿನ್: ಆ ಸಾಧನ ಹಾಕಿದರೆ ಆಮೆ ಜೊತೆ ಮೀನೂ ಹೋಗುತ್ತದೆ ಮೇಡಂ. ಡೀಸೆಲ್, ಐಸು, ಕಲಾಸಿಗಳ ಸಂಬಳ ಎಲ್ಲ ಯಾರು ಕೊಡುವುದು?

ಗಂಗೊಳ್ಳಿ ನಾಡದೋಣಿ: ಸಬ್ಸಿಡಿ ಡೀಸೆಲ್ ಕುಡಿದು ದಡದ ಹತ್ತಿರ ಬಂದು ಮರಿ ಬಾಚುವವರು ಲೆಕ್ಕ ಕೇಳುತ್ತಿದ್ದಾರೆ.

ಮಲ್ಪೆ ಪರ್ಸಿನ್: ಯಾರು ಬಂದದ್ದು ಮಾರಾಯ್ರೆ? ಫೋಟೋ ಉಂಟಾ? ಮಳೆಗಾಲದಲ್ಲಿ ನಾವು ಬೋಟು ಮೇಲೆ ಹಾಕಿ ಕೂತಿರುವಾಗ ನೀವು ಮೊಟ್ಟೆ ಮೀನು ಹಿಡಿಯುವುದಿಲ್ವಾ?

ಗಂಗೊಳ್ಳಿ ನಾಡದೋಣಿ: ನಮ್ಮದು 10 ಎಚ್‌ಪಿ ಒಳಗಿನ ದೋಣಿ, ಕಾನೂನು ಬಿಟ್ಟಿದೆ. ಆ ತೆರೆಯಲ್ಲಿ ಒಮ್ಮೆ ದೋಣಿ ನೂಕಿ ನೋಡಿ, ಆಮೇಲೆ ಮಾತಾಡಿ.

ಮೇಡಂ: ಜೂನ್ 1ರಿಂದ ಜುಲೈ 31, 61 ದಿನ. ಯಂತ್ರದ ಬೋಟು ನಿಲ್ಲಬೇಕು, 10 ಎಚ್‌ಪಿವರೆಗಿನ ನಾಡದೋಣಿ ಹೋಗಬಹುದು. ಮುಂದಿನ ಪ್ರಶ್ನೆ.

ಬೆಂಗಳೂರು ಫಿಶ್ ಫ್ರೈ: ಮೇಡಂ ಲೈಟ್ ಫಿಶಿಂಗ್ ಯಾಕೆ ಬ್ಯಾನ್?

ಮೇಡಂ: ಮೇಲೆ ಓದಿ.

ತದಡಿ ಹುಡುಗಿ: ಅಮ್ಮ ಹೇಳಿದಳು. ಕೂಡಿದ ಖಾಲಿ ಚಿಪ್ಪು ಇಲ್ಲ, ಅಲ್ಲೊಂದು ಇಲ್ಲೊಂದು ಅಷ್ಟೇ. ಬೇಳೆಯಷ್ಟು ಮರಿ ಬೇಕಾದಷ್ಟಿದೆ, ಕಾಲಿಟ್ಟರೆ ಚುಚ್ಚುತ್ತದಂತೆ.

ಮೇಡಂ: ಈ ಉತ್ತರಕ್ಕೇ ಕಾಯುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ.

ಬಳಚು ಕಮ್ಮಿಯಾಗಲು ಕಾರಣ ಹಲವು. ಮಳೆನೀರು ಜಾಸ್ತಿ ದಿನ ನಿಂತು ಉಪ್ಪು ತಗ್ಗಿದರೆ ಸಾಯುತ್ತದೆ. ಮರಳು ತೆಗೆದು ಕೆಸರು ಬಂದು ಕೂತರೆ ಉಸಿರುಗಟ್ಟಿ ಸಾಯುತ್ತದೆ. ಹಾಗೆ ಸತ್ತರೆ ಕೂತಲ್ಲೇ ಸಾಯುತ್ತದೆ, ಎರಡೂ ಚಿಪ್ಪು ಕೂಡಿಕೊಂಡೇ ಇರುತ್ತದೆ. ನಿಮ್ಮಲ್ಲಿ ಅದು ಕಾಣುತ್ತಿಲ್ಲ. ಮರಿಯೇ ಇಲ್ಲದಿದ್ದರೆ ತಾಯಿ ಬಳಚು ಮುಗಿದಿದೆ ಅಂತ ಅರ್ಥ, ಆಗ ನನಗೆ ನಿಜವಾಗಿ ಭಯ ಆಗುತ್ತಿತ್ತು. ಮರಿ ಇದೆ. ಹಾಗಾಗಿ ಹೊಳೆ ಇನ್ನೂ ಕೊಡುತ್ತಿದೆ, ನಾವು ಬೆಳೆಯಲು ಬಿಡುತ್ತಿಲ್ಲ. ನಾಲ್ಕು ಸಾಲು ಓದಿ ಹೇಳಿದ್ದು ಇದು, ಬಂದು ನೋಡಿದವರು ಖಾತ್ರಿ ಮಾಡಬೇಕು.

ಮಾಡಿ ನೋಡುವುದು ಹೀಗೆ. ನಾಳೆಯ ಇಳಿತದಲ್ಲಿ ಸಿಕ್ಕ ಬಳಚಿನಲ್ಲಿ ಒಂದು ನೂರನ್ನು ಆರಿಸದೆ ತೆಗೆಯಿರಿ. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಬಳಚಿನ ಉದ್ದದ ಬದಿಯನ್ನು ಅದರ ಮೇಲಿಟ್ಟು ನೋಡಿ, ದೊಡ್ಡದು ಒಂದು ಕಡೆ, ಸಣ್ಣದು ಇನ್ನೊಂದು ಕಡೆ. ಇದು ಕಾನೂನಿನ ಅಳತೆ ಅಲ್ಲ, ನನ್ನ ಲೆಕ್ಕ. ನಾಣ್ಯ ದಾಟಿದ್ದು ಒಮ್ಮೆಯಾದರೂ ಮರಿ ಹಾಕಿರುತ್ತದೆ ಅನ್ನುವ ಧೈರ್ಯಕ್ಕೆ. ಹಾಗೆಯೇ ನಾಲ್ಕಾರು ದೊಡ್ಡದನ್ನು ಬಿಚ್ಚಿ ನೋಡಿ. ಮಾಂಸ ಉಬ್ಬಿದ್ದು, ಪಿನ್ ಚುಚ್ಚಿದರೆ ಹಾಲಿನಂಥದ್ದು ಬಂದರೆ ಮರಿ ಹಾಕುವ ಸಮಯ. ತೆಳ್ಳಗೆ ನೀರುನೀರಾಗಿದ್ದರೆ ಹಾಕಿ ಮುಗಿಸಿದೆ. ತಿಂಗಳಿಗೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಯಾವ ತಿಂಗಳು ಬಿಡಬೇಕು ಅನ್ನುವುದನ್ನು ಆ ಕ್ಯಾಲೆಂಡರೇ ಹೇಳುತ್ತದೆ.

ಬಿಟ್ಟರೆ ಬರುತ್ತದಾ ಅಂದಿರಿ. ಕೊಲ್ಲಂ ಪಕ್ಕದ ಅಷ್ಟಮುಡಿ ಹಿನ್ನೀರಿನಲ್ಲಿ ಇದೇ ಕಥೆ ನಡೆದಿತ್ತು. ರಫ್ತು ಶುರುವಾಯಿತು, ಎಲ್ಲರೂ ಬಾಚಿದರು, 1990ರ ದಶಕದ ಶುರುವಿನಲ್ಲಿ ಬಳಚು ಬಿದ್ದುಹೋಯಿತು. ಡಿಸೆಂಬರ್‌ನಿಂದ ಫೆಬ್ರವರಿ ಮುಟ್ಟಬಾರದು, ಬಲೆಯ ಕಣ್ಣು ದೊಡ್ಡದಿರಬೇಕು, ಸಣ್ಣದು ಕೊಳ್ಳಬಾರದು ಅಂತ ಕಟ್ಟುಪಾಡು ಬಂತು. ಹೆಕ್ಕುವವರೂ ಒಪ್ಪಿದರು, ಹಾಗಾಗಿ ನಿಂತಿತು. 2014ರಲ್ಲಿ ಆ ಬಳಚಿಗೆ ಎಂಎಸ್‌ಸಿ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಇಡೀ ಭಾರತದಲ್ಲಿ ಮೊದಲನೆಯದು. ಆದರೆ ಅವರ ತಿಂಗಳನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಹೊಳೆ ಬೇರೆ.

ಇನ್ನು ಊಟದ ಮಾತು. ಇಡೀ ಅಳಿವೆಯನ್ನು ಮೂರು ತಿಂಗಳು ಬಂದ್ ಮಾಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ದಿಬ್ಬ ಬಿಟ್ಟು ಇನ್ನೊಂದರಲ್ಲಿ ಹೆಕ್ಕಿ, ಸರದಿಯ ಮೇಲೆ. ಉಗುರಿನಷ್ಟು ಸಣ್ಣದನ್ನು ತೂಕಕ್ಕೆ ಕೊಟ್ಟರೆ ಸಿಗುವುದು ಚಿಪ್ಪಿನ ಹಣ, ಮಾಂಸ ಎಲ್ಲಿದೆ? ಅದೇ ಬಳಚು ಕೆಲವು ತಿಂಗಳು ಕಾದರೆ ನಿಮ್ಮ ಕೆಲಸ ಹೆಚ್ಚಿಸದೆ ತೂಕ ಹೆಚ್ಚಿಸಿಕೊಳ್ಳುತ್ತದೆ. ಆದರೆ ನೀವು ಬಿಟ್ಟದ್ದನ್ನು ಪಕ್ಕದೂರಿನವರು ಹೆಕ್ಕಿದರೆ ಯಾರೂ ಮತ್ತೆ ಬಿಡುವುದಿಲ್ಲ. ಹಾಗಾಗಿ ವ್ಯಾಪಾರಿಯನ್ನೂ ಕೂರಿಸಿ ಮಾತಾಡಬೇಕು. ಆ ಸಭೆಗೆ ದೋಣಿ ಇರುವ ಗಂಡಸರನ್ನು ಮಾತ್ರ ಕರೆಯುತ್ತಾರೆ, ನಾನು ನೋಡಿದ್ದೇನೆ. ಕಾಲಲ್ಲಿ ತಡಕಿ ಹೆಕ್ಕುವ ಹೆಂಗಸರು ಹೊರಗೆ ಚಹಾ ಕಾಸುತ್ತಿರುತ್ತಾರೆ. ಯಾವ ದಿಬ್ಬದಲ್ಲಿ ಎಷ್ಟು ಮರಿ ಇದೆ ಅಂತ ಗೊತ್ತಿರುವುದು ಅವರ ಕಾಲಿಗೆ. ಅಘನಾಶಿನಿ 2024ರಲ್ಲಿ ಜೌಗುಭೂಮಿ ಉಳಿಸುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತಲ್ಲ, ಅದು ನಿಮ್ಮನ್ನು ಹೊಳೆಯಿಂದ ಹೊರಗೆ ಹಾಕುವ ಬೋರ್ಡಲ್ಲ. ಹಾಳುಮಾಡದೆ ಬಳಸಿ ಅನ್ನುವುದೇ ಆ ಒಪ್ಪಂದದ ಮೂಲ ಮಾತು. ಅಧಿಕಾರಿಗಳು ಬಂದರೆ ಇದನ್ನೇ ಹೇಳಿ.

ಕಾಸರಕೋಡು ತೆರೆ: ವನ್ಯಧಾಮ ಅಂತ ಸಮುದ್ರಕ್ಕೂ ಬರುತ್ತಿದೆ, ದಡದಿಂದ ಕೈಯಲ್ಲಿ ಎಳೆಯುವ ನಮ್ಮ ಕೈರಂಪಣಿ ಬಲೆ ನಿಲ್ಲಿಸುತ್ತಾರಾ?

ಮೇಡಂ: ವನ್ಯಜೀವಿ ಕಾಯ್ದೆಯ 26ಎ ಕಲಂ ಓದಿಸಿಕೊಳ್ಳಿ. ಕಡಲಿನ ಭಾಗವನ್ನು ವನ್ಯಧಾಮ ಮಾಡುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ತಕ್ಕ ಕ್ರಮ ತೆಗೆದುಕೊಂಡೇ ಗಡಿ ಗುರುತಿಸಬೇಕು ಅಂತ ಇದೆ. ಏನು ಕ್ರಮ ತೆಗೆದುಕೊಂಡಿರಿ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬಾಯಿಮಾತೇ ಉತ್ತರ ಬರುತ್ತದೆ.

ಸೋಮೇಶ್ವರ ಮನೆ: ನಮ್ಮ ಹಳೆ ಮನೆ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದೆ. ಮಾಡು ರಿಪೇರಿಗೆ ಪರವಾನಗಿ ಬೇಕಾ?

ಹಸಿರೇ ಉಸಿರು: ಫಾರ್ವರ್ಡ್ ಬಂದದ್ದು: ಕಡಲ್ಕೊರೆತಕ್ಕೆ ಒಂದೇ ಮದ್ದು ಕಾಂಡ್ಲಾ (ಮ್ಯಾಂಗ್ರೋವ್). ಪ್ರತಿ ಮನೆಯವರೂ ಬೀಚಿನಲ್ಲಿ, ಅಳಿವೆಯ ಖಾಲಿ ಕೆಸರಿನಲ್ಲಿ ಹತ್ತು ಗಿಡ ನೆಡಿ. ಮುಂದಿನ ಭಾನುವಾರ ಬಸ್ ವ್ಯವಸ್ಥೆ ಇದೆ.

ಮೇಡಂ: ಅಯ್ಯೋ ದೇವರೇ. ತೆರೆ ಬಡಿಯುವ ಮರಳಿನಲ್ಲಿ ಕಾಂಡ್ಲಾ ಬದುಕುವುದಿಲ್ಲ, ಅದಕ್ಕೆ ಅಳಿವೆಯ ಶಾಂತ ಕೆಸರು ಬೇಕು. ಅಳಿವೆಯಲ್ಲಿ ಖಾಲಿ ಕೆಸರು ಅಂತ ಕಾಣುವುದು ಖಾಲಿ ಅಲ್ಲ, ಅದೇ ಬಳಚಿನ ಮನೆ, ವಲಸೆ ಹಕ್ಕಿಗಳ ಊಟದ ಮೇಜು. ಅದರ ಮೇಲೆ ಸಸಿ ಚುಚ್ಚಿದರೆ ತದಡಿಯವರ ಅಮ್ಮ ಎಲ್ಲಿಗೆ ಹೋಗಬೇಕು? ಕಾಂಡ್ಲಾ ಮೊದಲು ಇದ್ದು ಕಡಿದ ಜಾಗದಲ್ಲಿ ನೆಡಿ, ಉಪ್ಪುನೀರಿನ ಗಜನಿ ಗದ್ದೆಯ ಒಡ್ಡಿನ ಬದಿಗೆ ನೆಡಿ. ಬಸ್ ಬೇಡ, ಊರಿನವರನ್ನು ಕೇಳಿ.

ಹಸಿರೇ ಉಸಿರು: ಒಳ್ಳೆ ಕೆಲಸ ಮಾಡುವವರಿಗೆ ಹೀಗೆ ಹೇಳಿದರೆ ಯಾರು ಮುಂದೆ ಬರುತ್ತಾರೆ ಮೇಡಂ?

ಗಂಗೊಳ್ಳಿ ನಾಡದೋಣಿ: ಸೆಲ್ಫಿ ತೆಗೆಯುವವರು ಬರದಿದ್ದರೆ ಒಳ್ಳೆಯದೇ.

ಮಲ್ಪೆ ಪರ್ಸಿನ್: ಅಪರೂಪಕ್ಕೆ ಇವರು ಹೇಳಿದ್ದು ಸರಿ ಉಂಟು.

ಗಂಗೊಳ್ಳಿ ನಾಡದೋಣಿ: ನಿಮ್ಮ ಸರ್ಟಿಫಿಕೇಟ್ ಬೇಡ. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವ ಪರ್ಸಿನ್ ಬಲೆ ಬಂದು ರಂಪಣಿ ಮುಳುಗಿಸಿದ್ದು ಅಜ್ಜಂದಿರು ಮರೆತಿಲ್ಲ. ನೂರು ಜನ ಎಳೆದು ನೂರು ಮನೆಗೆ ಪಾಲು ಹೋಗುತ್ತಿತ್ತು.

ಮಲ್ಪೆ ಪರ್ಸಿನ್: ನನ್ನ ಅಪ್ಪನೂ ರಂಪಣಿ ಹಗ್ಗ ಎಳೆದವರೇ. ಸಾಲ ಮಾಡಿ ಬೋಟು ಮಾಡಿದ್ದು ಹೊಟ್ಟೆಗೆ. ನೂಲಹುಣ್ಣಿಮೆಗೆ ಒಂದೇ ಕಡಲಿಗೆ ಹಾಲೆರೆಯುವುದು ನಾವಿಬ್ಬರೂ. ಸುಮ್ನೆ ಕೆಣಕಬೇಡಿ.

ಅಡ್ಮಿನ್: ಇಬ್ಬರೂ ಸಾಕು. ಇನ್ನೊಂದು ಮಾತು ಬಂದರೆ ಮ್ಯೂಟ್.

ಸೋಮೇಶ್ವರ ಮನೆ: ನನ್ನ ಪ್ರಶ್ನೆ ಮೇಲೆ ಇದೆ.

ಭಟ್ಕಳ ಬಲೆ: ಚೌಕ ಕಣ್ಣಿನ ಬಲೆ ಅಂತಾರಲ್ಲ, ನಿಜವಾಗಿ ಪ್ರಯೋಜನ ಉಂಟಾ? ಲೈಟ್ ಫಿಶಿಂಗ್ ಬಗ್ಗೆಯೂ ಹೇಳಿ.

ಮೇಡಂ: ಉಂಟು. ಈಗಿನ ಬಲೆ ಎಳೆದ ಕೂಡಲೇ ಡೈಮಂಡ್ ಕಣ್ಣು ಮುಚ್ಚಿಕೊಳ್ಳುತ್ತದೆ, ಬಲೆಯ ತುದಿಯ ಚೀಲದಲ್ಲಿ ಮರಿಗೆ ದಾರಿ ಇರುವುದಿಲ್ಲ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಚೀಲದ ಭಾಗ ಮಾತ್ರ ಬದಲಿಸಿದರೆ ಸಾಕು. ಎರಡನೆಯದಕ್ಕೆ ಉತ್ತರ ಕೊಡುವುದಿಲ್ಲ.

ಆರೋಗ್ಯವೇ ಭಾಗ್ಯ: ಬೆಳ್ಳುಳ್ಳಿ ಬದಲು ಬೆಳ್ಳಿ ನಾಣ್ಯ ಹಾಕಿದರೆ?

ಅಡ್ಮಿನ್: ಇವರನ್ನು ಒಂದು ವಾರ ತೆಗೆದಿದ್ದೇನೆ. ಸಮಯ ಮುಗಿಯಿತು, ಮೇಡಂಗೆ ಧನ್ಯವಾದ. ತದಡಿಯವರು ಎಣಿಸಿ ಹಾಕಲಿ ಅಂತ ಥ್ರೆಡ್ ತೆರೆದಿಟ್ಟಿರುತ್ತೇನೆ.

ತದಡಿ ಹುಡುಗಿ (ಸೋಮವಾರ): ಮೇಡಂ, ಎಣಿಸಿದೆವು. ನೂರರಲ್ಲಿ ನಾಣ್ಯಕ್ಕಿಂತ ದೊಡ್ಡದು ಹನ್ನೊಂದು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದ ಮನೆಯ ಇಬ್ಬರನ್ನು ಕರೆದು ಅವರ ಬುಟ್ಟಿಯದ್ದನ್ನೂ ಅಳೆಸಿದಳು. ಈಗ ಕೇಳುತ್ತಿದ್ದಾಳೆ, ಅಳೆದ ಬಳಚನ್ನು ವಾಪಸ್ ಬಿಡಬೇಕಾ, ಸಾರು ಮಾಡಬಹುದಾ?

ಮೇಡಂ: ಹನ್ನೊಂದು ಸಾರಿಗೆ. ಉಳಿದದ್ದನ್ನು ಒದ್ದೆ ಗೋಣಿಯಲ್ಲಿ ಮುಚ್ಚಿ, ಇವತ್ತಿನ ಭರತ ಏರುವ ಮೊದಲು ಹೆಕ್ಕಿದ ಜಾಗದಲ್ಲೇ ಬಿಡಿ. ಆ ಇಬ್ಬರ ಲೆಕ್ಕ ಎಷ್ಟು ಬಂತು?