ಫೈರ್‌ವಾಲ್‌ಗೆ ಟವೆಲ್ ಹೊದಿಸಬ್ಯಾಡ್ರೋ

(ರಾಯಚೂರು, ಮೇ ತಿಂಗಳು, ಚಾದಂಗಡಿ)

ಬಸಣ್ಣ: ಮನಿ ಇಂಟರ್ನೆಟ್ ಕಾಯೋ ಫೈರ್‌ವಾಲ್ ಡಬ್ಬಿ ಮುಟ್ಟಿದ್ರ ಕೈ ಚುರ್ ಅಂತೈತಿ. ಫ್ಯಾನಾದ್ರೂ ಇಟ್ಟಾರೇನು ಅಂದ್ರ ಅದೂ ಇಲ್ಲ!

ರಫೀಕ್: ಡಬ್ಬೀನ ಅದರ ಹೀಟ್‌ಸಿಂಕ್ ಅಣ್ಣಾ, ಬಿಸಿ ಹೀರಿ ಹೊರಗ ಹಾಕೋದು. ಚಿಪ್ಪಿನ ಬಿಸಿ ಅಲ್ಯೂಮಿನಿಯಂಗೆ ಬರಬೇಕು, ಬರ್ತೈತಿ. ಒಳಗೆಷ್ಟೈತಿ?

ಬಸಣ್ಣ: ಒಳಗ ಕೈ ಹಾಕಿ ನೋಡ್ಲೇನು?

ವೀರೇಶ: ಅದರಾಗಿನ ಫೈರ್‌ವಾಲ್ ಸಾಫ್ಟ್‌ವೇರ್ ಪಿಎಫ್‌ಸೆನ್ಸ್ ಹೌದಲ್ಲ? ಸಿಸ್ಟಮ್, ಅಡ್ವಾನ್ಸ್‌ಡ್, ಮಿಸಲೇನಿಯಸ್‌ಗೆ ಹೋಗಿ ಥರ್ಮಲ್ ಸೆನ್ಸರ್ ಇಂಟೆಲ್ ಕೋರ್ ಅಂತ ಆರಿಸು. ಆಮ್ಯಾಲ ಡ್ಯಾಶ್‌ಬೋರ್ಡ್‌ನಾಗ ಕಾಣ್ತೈತಿ.

ಬಸಣ್ಣ: (ಮೊಬೈಲ್ ಒತ್ತುತ್ತಾ) 78 ಡಿಗ್ರಿ!

ರಫೀಕ್: ನಿನ್ನ ಡಬ್ಬಿಯೊಳಗಿನ ಇಂಟೆಲ್ ಎನ್100 ಚಿಪ್ಪು 105ರ ತನಕ ತಡೀತೈತಿ, ಗಾಬರಿ ಬ್ಯಾಡ. ಆದ್ರ ಡೇಟಾ ಇಡೋ ಎಸ್‌ಎಸ್‌ಡಿ, ಬೋರ್ಡಿನ ಮ್ಯಾಲಿನ ಕೆಪ್ಯಾಸಿಟರ್ ಅಷ್ಟು ಗಟ್ಟಿ ಅಲ್ಲ. ಕೆಪ್ಯಾಸಿಟರ್‌ಗೆ 10 ಡಿಗ್ರಿ ಇಳಿದ್ರ ಆಯುಷ್ಯ ಸುಮಾರು ಎರಡರಷ್ಟು. ಈಗ ಕೇಳು: ಚಿಪ್ಪು 90 ತೋರಿಸಿ ಡಬ್ಬಿ ಬೆಚ್ಚಗಷ್ಟೇ ಇದ್ರ, ಬಿಸಿ ಒಳಗ ಸಿಕ್ಕೊಂಡೈತಿ, ಚಿಪ್ಪಿನ ಬಿಸಿ ಡಬ್ಬಿಗೆ ದಾಟಿಸೋ ಪೇಸ್ಟ್ ಒಣಗೇತಿ. ಎರಡೂ ಸುಡ್ತಿದ್ರ ಪೇಸ್ಟ್ ತಪ್ಪಲ್ಲ, ಗಾಳಿ ಸಾಲ್ತಿಲ್ಲ.

ವೀರೇಶ: ಎಲ್ಲಿಟ್ಟೀಯಪ್ಪಾ ಅದನ್ನ?

ಬಸಣ್ಣ: ತಗಡಿನ ಅಟ್ಟದಾಗ, ಇನ್ವರ್ಟರ್ ಮ್ಯಾಲ. ಧೂಳು ಬೀಳಬಾರದಂತ ಟವೆಲ್ ಹೊದಿಸೀನಿ.

ವೀರೇಶ: ಚಳಿಜ್ವರ ಬಂದಿತ್ತೇನೋ ಅದಕ್ಕ!

ರಫೀಕ್: ಟವೆಲ್ ತೆಗಿ, ಕೆಳಗಿಳಿಸು, ಗೋಡೀಗೆ ಡಬ್ಬಿ ಮೈಮ್ಯಾಲಿನ ರೆಕ್ಕೆ ನೆಟ್ಟಗ ನಿಲ್ಲೋಹಂಗ ಹಾಕು. ಬಿಸಿಗಾಳಿ ತಾನಾಗೇ ಮ್ಯಾಲೇರ್ತೈತಿ. ರೂಮು 28 ಇದ್ದಾಗ ಚಿಪ್ಪು 64 ಇದ್ದದ್ದು, 42 ಆದ್ರ 78. ಹೊರಗ ಏರಿದಷ್ಟು ಒಳಗೂ ಏರ್ತೈತಿ.

ಬಸಣ್ಣ: ಕೂಲರ್ ಮುಂದ ಇಟ್ರ?

ವೀರೇಶ: ಕೂಲರ್ ಇರೋ ರೂಮಿನಾಗ ಇಡು, ಎದುರಿಗೆ ಬ್ಯಾಡ. ನೀರಿನ ಹನಿ ಸಿಡಿದ್ರ ನಮ್ಮ ಬೋರ್‌ನೀರಿನ ಉಪ್ಪು ಪೋರ್ಟಿನಾಗ ಕೂಡ್ತೈತಿ. ಅಷ್ಟು ತಂಪು ಬೇಕಂದ್ರ ಶಕ್ತಿನಗರದ ಕರೆಂಟ್ ಸ್ಥಾವರದ ಕೂಲಿಂಗ್ ಟವರ್‌ನಾಗ ಬಾಡಿಗಿ ಹಿಡಿ.

ರಫೀಕ್: ಅದಕ್ಕಿಂತ 120 ಮಿಲಿಮೀಟರ್ ಫ್ಯಾನೊಂದು ರೆಕ್ಕೆಗೆ ಊದೋಹಂಗ ಇಡು. ಯುಎಸ್‌ಬಿ 5 ವೋಲ್ಟಿಂದ ನಡಿಯೋದು ತಗೋ. 12 ವೋಲ್ಟಿಂದು 5ಕ್ಕ ಹಾಕಿದ್ರ ಕೆಲವು ತಿರುಗಂಗೇ ಇಲ್ಲ, ತಿರುಗಿದ್ರ ಸದ್ದಿಲ್ಲ. ಫ್ಯಾನ್ ಇಟ್ರ ಹತ್ತು ಡಿಗ್ರಿ ಇಳಿಯೋದಕ್ಕ ಮೋಸ ಇಲ್ಲ.

ಬಸಣ್ಣ: ಪೇಸ್ಟ್ ಬದಲಿಸಬೇಕಂದ್ರ?

ರಫೀಕ್: ವೈರ್ ಎಲ್ಲಾ ಬಿಚ್ಚು, ತಳದ ಸ್ಕ್ರೂ ತೆಗಿ. ಸುಮಾರು ಡಬ್ಬಿಯೊಳಗ ಚಿಪ್ಪಿಗೂ ಡಬ್ಬಿ ಮೈಗೂ ನಡುವ ತಾಮ್ರದ ತುಂಡೊಂದು ಇರ್ತೈತಿ. ಮಂದಿ ಚಿಪ್ಪಿನ ಕಡೆ ಅಷ್ಟೇ ಹಚ್ಚಿ ಮುಚ್ತಾರ; ಎರಡೂ ಕಡೆ ಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್‌ಲಿಂದ ಹಳೇದು ಒರೆಸು. ಚಿಪ್ಪಿಗೆ ಅಕ್ಕಿಕಾಳಿನಷ್ಟು, ಡಬ್ಬಿ ಮೈ ಕಡೆ ತೆಳ್ಳಗ ಸವರು. ಸ್ಕ್ರೂ ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿ. ಒಂದೇ ಮೂಲಿ ಬಿಗಿದ್ರ ಚಿಪ್ಪಿನ ಅಂಚು ಒಡೀಬಹುದು.

ವೀರೇಶ: ಡಬ್ಬಿ ಚಾಲೂ ಆಗೋವಾಗ ತೆರೆಯೋ ಬಯಾಸ್ ಸೆಟ್ಟಿಂಗ್‌ನಾಗ ಪವರ್ ಲಿಮಿಟೂ ನೋಡು. ಎನ್100ಕ್ಕ ಇಂಟೆಲ್ ಹೇಳಿದ್ದು 6 ವಾಟ್. ಡಬ್ಬಿ ಕಟ್ಟೋರು ಹೆಚ್ಚಿಗೆ ಇಟ್ಟಿರ್ತಾರ. ಪಿಎಲ್1 ಅನ್ನೋ ಆ ಲಿಮಿಟನ್ನ 8 ವಾಟ್‌ಗೆ ಇಳಿಸು, ಮನಿ ಇಂಟರ್ನೆಟ್‌ಗೆ ಸಾಕು.

ಬಸಣ್ಣ: ಆಗ್ಲಿ. ಟವೆಲ್ ವಾಪಸ್ ತಗೋಬೇಕು, ಹೆಂಡ್ತಿ ಎರಡು ದಿನದಿಂದ ಹುಡುಕಾಕತ್ಯಾಳ.