ಈರುಳ್ಳಿ ಬೇರಲ್ಲಿ ಮೈಟಾಸಿಸ್ (ಕೋಶ ವಿಭಜನೆ) ಕಾಣ್ತಾನೇ ಇಲ್ಲ!

ಡೊಂಬಿವಲಿ ಹುಡುಗಿ:
ಹನ್ನೊಂದನೇ ಕ್ಲಾಸು, ಬಯಾಲಜಿ. ಅಜ್ಜಿ ಹುಳಿಗೆ ಅಂತ ಎತ್ತಿಟ್ಟ ಈರುಳ್ಳೀನ ನೀರಿನ ಲೋಟದ ಮೇಲೆ ಕೂರಿಸಿ ಬೇರು ಬರಿಸಿದೆ (ಬೈಗುಳ ಬೇರೆ ತಿಂದೆ). ಸಂಜೆ ಟ್ಯೂಷನ್ನಿಂದ ಬಂದು ಕತ್ತರಿಸಿ, ನೀರಲ್ಲಿಟ್ಟು, ಮಾರನೇ ದಿನ ಲೋಕಲ್‌ನಲ್ಲಿ ಒಯ್ದು ಸ್ಲೈಡ್ ಮಾಡಿದ್ರೆ ಬರೀ ಇಟ್ಟಿಗೆ ಗೋಡೆ. ಒಂದು ಕೋಶಾನೂ ಒಡೀತಿಲ್ಲ. ಎಲ್ಲಿ ತಪ್ಪಿದೆ?

ಮಾಟುಂಗಾ ಮೇಷ್ಟ್ರು:
ಎಷ್ಟುದ್ದ ಕತ್ತರಿಸಿದೆ?

ಡೊಂಬಿವಲಿ ಹುಡುಗಿ:
ಅರ್ಧ ಇಂಚು ಸರ್. ತುದಿ ಕಪ್ಪಗಿತ್ತು, ಅದನ್ನ ತೆಗೆದುಬಿಟ್ಟೆ.

ಮಾಟುಂಗಾ ಮೇಷ್ಟ್ರು:
ಸರಿಹೋಯ್ತು, ಬೇಕಾದ್ದನ್ನೇ ಎಸೆದಿದ್ದೀಯ! ವಿಭಜನೆ ಜೋರಾಗಿ ನಡೆಯೋದು ತುದಿಯ 2 ಮಿಲಿಮೀಟರಿನೊಳಗೆ. ಮೇಲಿನ ಕೋಶಗಳು ಬರೀ ಉದ್ದವಾಗ್ತಿರುತ್ವೆ. ಕಪ್ಪಾದ ಬೇರು ಬಿಡು, ಬೆಳ್ಳಗಿರೋದು ಹುಡುಕು. ಬೆಳಿಗ್ಗೆ ಕತ್ತರಿಸಿ, ಆಗಲೇ 1 ಪಾಲು ಅಸಿಟಿಕ್ ಆಮ್ಲ, 3 ಪಾಲು ಆಲ್ಕೋಹಾಲ್ ಮಿಶ್ರಣಕ್ಕೆ ಹಾಕು, ಒಂದು ದಿನ ಇರಲಿ. ಆಮೇಲೆ ಅಸಿಟೋಕಾರ್ಮಿನ್ ಬಣ್ಣ ಹಾಕು.

ಪುಣೆ ಮೆಡಿಕಲ್ಲು:
ಕವರ್ ಸ್ಲಿಪ್ (ಸ್ಲೈಡಿನ ಮೇಲಿಡೋ ತೆಳು ಗಾಜು) ಮೇಲೆ ಹೆಬ್ಬೆರಳು ಒತ್ತುವಾಗ ಜಾರಿಸಬೇಡ, ಕೋಶಗಳು ಉರುಳಿಹೋಗ್ತವೆ. ಇಷ್ಟೆಲ್ಲ ಮಾಡಿದ್ರೂ ಹೆಚ್ಚಿನವು ಇಂಟರ್‌ಫೇಸ್‌ನಲ್ಲೇ (ವಿಭಜನೆಗೆ ಮುಂಚಿನ ಹಂತ) ಸಿಗೋದು. ನನಗೆ ಮೊದಲ ಅನಾಫೇಸ್ (ಕ್ರೋಮೋಸೋಮುಗಳು ಎರಡು ಕಡೆಗೆ ಬೇರಾಗೋ ಹಂತ) ಸಿಕ್ಕಿದ್ದು ನಾಲ್ಕನೇ ಸ್ಲೈಡಲ್ಲಿ, ಬಾಳೆಹಣ್ಣಿನ ಸಿಪ್ಪೆ ಎರಡೂ ಕಡೆ ಎಳೆದ ಹಾಗಿತ್ತು.

ಡೊಂಬಿವಲಿ ಹುಡುಗಿ:
ಅಜ್ಜಿ ಇನ್ನೊಂದು ಈರುಳ್ಳಿ ಕೊಡ್ತಾರಾ ನೋಡ್ಬೇಕು.